ವಿಫಲ ಲಾಗಿನ್‌ಗಳ ಸುರಿಮಳೆ, ನಡುವೆ ಮುಂಬೈಯಿಂದ ಒಂದು ಯಶಸ್ವಿ ಲಾಗಿನ್: ಖಾತೆ ಕೈತಪ್ಪಿದೆಯೇ?

ಸಾಗಣೆ_ಕಚೇರಿ (ಪ್ರಶ್ನೆ)

ಹುಬ್ಬಳ್ಳಿಯ ಒಂದು ಸರಕು ಸಾಗಣೆ ಸಂಸ್ಥೆಯಲ್ಲಿ ಆಡಳಿತ ವಿಭಾಗದ ಕೆಲಸದ ಜೊತೆಗೆ ಕಂಪ್ಯೂಟರ್ ಉಸ್ತುವಾರಿಯೂ ನನ್ನ ಪಾಲಿಗೆ ಬಂದಿದೆ. ನಮ್ಮಲ್ಲಿ 38 ಮಂದಿಗೆ ಮೈಕ್ರೋಸಾಫ್ಟ್ 365 ಬಿಸಿನೆಸ್ ಸ್ಟ್ಯಾಂಡರ್ಡ್ ಖಾತೆಗಳಿದ್ದು, ಸೆಕ್ಯುರಿಟಿ ಡಿಫಾಲ್ಟ್ಸ್ (ಮೈಕ್ರೋಸಾಫ್ಟ್‌ನ ಮೂಲ ಭದ್ರತಾ ಹೊಂದಿಕೆ) ಚಾಲನೆಯಲ್ಲಿದೆ. ಪಾಸ್‌ವರ್ಡ್ ಕೊಟ್ಟ ಮೇಲೆ ಲಾಗಿನ್‌ಗೆ ಒಪ್ಪಿಗೆ ಕೊಡಲು ಎಲ್ಲರೂ ಮೊಬೈಲ್‌ನ ಅಥೆಂಟಿಕೇಟರ್ ಆ್ಯಪ್ ಬಳಸುತ್ತಾರೆ.

ಈ ಖಾತೆಗಳನ್ನು ನಿರ್ವಹಿಸುವ ಎಂಟ್ರಾ ಅಡ್ಮಿನ್ ಸೆಂಟರ್‌ನಿಂದ ಸೈನ್-ಇನ್ ಲಾಗ್ (ಲಾಗಿನ್‌ಗಳ ದಾಖಲೆ) ಅನ್ನು ಮೊದಲ ಬಾರಿಗೆ ಇಳಿಸಿಕೊಂಡು ನೋಡಿದಾಗ ಗಾಬರಿಯಾಯಿತು. ದಿನಕ್ಕೆ 300ಕ್ಕೂ ಹೆಚ್ಚು ವಿಫಲ ಪ್ರಯತ್ನಗಳು ನಾವು ಹೆಸರನ್ನಷ್ಟೇ ಕೇಳಿರುವ ದೇಶಗಳಿಂದ ಬಂದಿವೆ. ಅದಕ್ಕಿಂತ ಹೆಚ್ಚಾಗಿ, ಹುಬ್ಬಳ್ಳಿಯಲ್ಲೇ ಇರುವ ನಮ್ಮ ಮಾರಾಟ ಅಧಿಕಾರಿಯ ಖಾತೆಗೆ ಬೆಳಗಿನ ಜಾವ 4:05ಕ್ಕೆ ಮುಂಬೈಯಿಂದ ಯಶಸ್ವಿ ಲಾಗಿನ್ ಆಗಿದೆ. ಆ ಹೊತ್ತಿನಲ್ಲಿ ತಾವು ನಿದ್ರೆಯಲ್ಲಿದ್ದುದಾಗಿ ಅವರು ಹೇಳುತ್ತಾರೆ. ಎಲ್ಲರ ಪಾಸ್‌ವರ್ಡ್ ಬದಲಿಸಬೇಕೇ?

ಹಳೆಯ_ಸರ್ವರ್

ಸದ್ಯಕ್ಕೆ ಎಲ್ಲರ ಪಾಸ್‌ವರ್ಡ್ ಬದಲಿಸುವ ಅಗತ್ಯವಿಲ್ಲ. ಆ ಗದ್ದಲದಲ್ಲಿ ನಿಜವಾದ ಸುಳಿವು ಕೈತಪ್ಪುವ ಸಾಧ್ಯತೆಯೇ ಹೆಚ್ಚು.

ಮೊದಲು ಮುಂಬೈ ಲಾಗಿನ್ ವಿಷಯ. ಇಳಿಸಿಕೊಂಡ ಕಡತದಲ್ಲಿ ಸಮಯವು ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣಿತ ಸಮಯದಲ್ಲಿ ಇರುತ್ತದೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಆದ್ದರಿಂದ 4:05 ಎಂದರೆ ನಮ್ಮ ಬೆಳಿಗ್ಗೆ 9:35, ಅಂದರೆ ಜನ ಕಚೇರಿಗೆ ಬಂದು ಲ್ಯಾಪ್‌ಟಾಪ್ ತೆರೆಯುವ ಹೊತ್ತು. ಇನ್ನು ಸ್ಥಳದ ಹೆಸರು ಐಪಿ ವಿಳಾಸದಿಂದ (ಇಂಟರ್ನೆಟ್ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಮಾಡಿದ ಅಂದಾಜು ಮಾತ್ರ. ಮೊಬೈಲ್ ಜಾಲದ ಡೇಟಾ ಬೇರೊಂದು ನಗರದ ಗೇಟ್‌ವೇ ಮೂಲಕ ಇಂಟರ್ನೆಟ್ ಸೇರುವುದುಂಟು. ಹಾಗಾಗಿ ಹುಬ್ಬಳ್ಳಿಯಲ್ಲಿ ಕುಳಿತವರು ಲಾಗ್‌ನಲ್ಲಿ ಮುಂಬೈಯಲ್ಲೋ ಚೆನ್ನೈಯಲ್ಲೋ ಕಾಣಿಸಿಕೊಳ್ಳುತ್ತಾರೆ. ಆ ದಿನ ಫೋನಿನ ಹಾಟ್‌ಸ್ಪಾಟ್ ಬಳಸಿದ್ದರೇ ಎಂದು ಅವರನ್ನು ಕೇಳಿ.

ವಿಫಲ ಪ್ರಯತ್ನಗಳಲ್ಲಿ ಎಣಿಕೆಗಿಂತ ದೋಷ ಸಂಖ್ಯೆ ಮುಖ್ಯ. 50126 ಎಂದರೆ ಬಳಕೆದಾರರ ಹೆಸರು ಅಥವಾ ಪಾಸ್‌ವರ್ಡ್ ತಪ್ಪು; ಬೀದಿಯಲ್ಲಿ ಹೋಗುವವರು ಬಾಗಿಲ ಚಿಲಕ ಅಲುಗಾಡಿಸಿದಂತೆ ಇದು ದಿನವೂ ನಡೆಯುತ್ತದೆ. 50053 ಎಂದರೆ ಪ್ರಯತ್ನಗಳು ಅತಿಯಾಗಿ ಖಾತೆಗೆ ತಾತ್ಕಾಲಿಕವಾಗಿ ಬೀಗ ಬಿದ್ದಿದೆ, ಇಲ್ಲವೇ ಐಪಿ ವಿಳಾಸವೇ ಕುಖ್ಯಾತವಾದ್ದರಿಂದ ತಡೆಯಲಾಗಿದೆ. ಸಾಮಾನ್ಯ ಹೊಂದಿಕೆಯಲ್ಲಿ ಹತ್ತು ತಪ್ಪು ಪ್ರಯತ್ನಗಳ ನಂತರ ಮೊದಲು ಒಂದು ನಿಮಿಷದ ಬೀಗ ಬೀಳುತ್ತದೆ, ಮುಂದುವರಿದರೆ ಅವಧಿ ಹೆಚ್ಚುತ್ತದೆ.

ಆದರೆ 50074, 50076 ಅಥವಾ 500121 ಅಪರಿಚಿತ ಐಪಿಯಿಂದ ಬಂದಿದ್ದರೆ ಅಲ್ಲಿ ನಿಲ್ಲಿ. ಇವು ಪಾಸ್‌ವರ್ಡ್ ಸರಿಯಾಗಿಯೇ ಇದ್ದು, ಎರಡನೆಯ ಹಂತದ ದೃಢೀಕರಣ ಬೇಕಾದಾಗ ಅಥವಾ ಅದು ವಿಫಲವಾದಾಗ ಬರುವ ಸಂಖ್ಯೆಗಳು. ನೌಕರರೇ ಲಾಗಿನ್ ಆಗುವಾಗಲೂ ಇವು ಕಾಣಿಸುತ್ತವೆ. ಆದರೆ ಹೊರಗಿನ ಐಪಿಯಿಂದ ಬಂದಿದ್ದರೆ ಪಾಸ್‌ವರ್ಡ್ ಈಗಾಗಲೇ ಬೇರೆಯವರಿಗೆ ಗೊತ್ತಾಗಿದೆ ಎಂದರ್ಥ, ಆ ಒಬ್ಬರ ಪಾಸ್‌ವರ್ಡ್ ಅಂದೇ ಬದಲಿಸಬೇಕು. ಲಾಗ್‌ನಲ್ಲಿ ಇವೂ "ವಿಫಲ"ದ ಗುಂಪಿನಲ್ಲೇ ಅಡಗಿಕೊಳ್ಳುವುದರಿಂದ ಬಹಳ ಮಂದಿ ಗಮನಿಸುವುದಿಲ್ಲ.

ಇದೆಲ್ಲ ಮುಗಿದ ಮೇಲೆ ವಿಫಲ ಸಾಲುಗಳನ್ನು ತೆಗೆದುಹಾಕಿ, ಯಶಸ್ವಿಯಾದವುಗಳನ್ನು ಮಾತ್ರ ಉಳಿಸಿಕೊಂಡು ಐಪಿ ವಿಳಾಸದ ಪ್ರಕಾರ ಜೋಡಿಸಿ. ಕಚೇರಿಯ ಬ್ರಾಡ್‌ಬ್ಯಾಂಡ್, ನೌಕರರ ಮನೆ ಮತ್ತು ಮೊಬೈಲ್ ಜಾಲಗಳನ್ನು ಬಿಟ್ಟರೆ ಏನು ಉಳಿಯುತ್ತದೆಯೋ ಅದನ್ನು ಬರೆಯಿರಿ. ನಾನ್-ಇಂಟರಾಕ್ಟಿವ್ ಲಾಗ್ (ಬಳಕೆದಾರರು ಏನನ್ನೂ ಒತ್ತದೆ ಆ್ಯಪ್‌ಗಳೇ ಅವರ ಪರವಾಗಿ ಮಾಡುವ ಲಾಗಿನ್‌ಗಳ ದಾಖಲೆ) ಬೇರೆಯದೇ ಪುಟದಲ್ಲಿದೆ, ಅದನ್ನೂ ನೋಡಿ.

ಸಾಗಣೆ_ಕಚೇರಿ

ಮಾರಾಟ ಅಧಿಕಾರಿಯವರು ಅಂದು ಕಚೇರಿಯ ವೈಫೈ ಕೆಟ್ಟಿದ್ದರಿಂದ ಹಾಟ್‌ಸ್ಪಾಟ್ ಬಳಸಿದ್ದನ್ನು ಒಪ್ಪಿಕೊಂಡರು. ಅನುಮಾನದ ದೋಷ ಸಂಖ್ಯೆಗಳು ಹೊರಗಿನ ಐಪಿಗಳಿಂದ ಇಲ್ಲ.

ಆದರೆ ನೀವು ಹೇಳಿದಂತೆ ಸೋಸಿದ ಮೇಲೆ ಲೆಕ್ಕಪತ್ರ ವಿಭಾಗದ ಒಬ್ಬರ ಖಾತೆಯಲ್ಲಿ ನಾಲ್ಕು ಸಾಲುಗಳು ಉಳಿದವು. ನಾಲ್ಕೂ ಯಶಸ್ವಿ. ಐಪಿ ಯುರೋಪಿನ ಒಂದು ಹೋಸ್ಟಿಂಗ್ (ಸರ್ವರ್ ಬಾಡಿಗೆ ಕೊಡುವ) ಕಂಪನಿಯದು. ಮೊದಲನೆಯದರಲ್ಲಿ ಅಥೆಂಟಿಕೇಟರ್ ಒಪ್ಪಿಗೆ ದಾಖಲಾಗಿದೆ. ಉಳಿದ ಮೂರರಲ್ಲಿ ದೃಢೀಕರಣವು ಟೋಕನ್‌ನಲ್ಲಿರುವ (ಹಿಂದಿನ ಲಾಗಿನ್‌ನಲ್ಲಿ ಸಿಕ್ಕ ಡಿಜಿಟಲ್ ಚೀಟಿ) ಮಾಹಿತಿಯಿಂದಲೇ ಪೂರೈಕೆಯಾಗಿದೆ ಎಂಬ ಷರಾ ಇದೆ ಮತ್ತು ಲಿನಕ್ಸ್ ಮೇಲಿನ ಕ್ರೋಮ್ ಎಂದು ತೋರಿಸುತ್ತಿದೆ. ನಮ್ಮಲ್ಲಿ ಲಿನಕ್ಸ್ ಯಂತ್ರವೇ ಇಲ್ಲ. ಸ್ವತಃ ಒಪ್ಪಿಗೆ ಕೊಟ್ಟ ಮೇಲೂ ಇದು ಹೇಗೆ ಸಾಧ್ಯ?

ಹಳೆಯ_ಸರ್ವರ್

ಇದು ನಿಜವಾದ ಅತಿಕ್ರಮಣ, ತಡಮಾಡಬೇಡಿ. ಆ ಷರಾ ಒಂದೇ ಆಗಿದ್ದರೆ ಚಿಂತೆಯಿರಲಿಲ್ಲ, ಎಲ್ಲರ ದಿನನಿತ್ಯದ ಲಾಗಿನ್‌ಗಳಲ್ಲೂ ಅದು ಬರುತ್ತದೆ. ಹೋಸ್ಟಿಂಗ್ ಐಪಿ ಮತ್ತು ನಿಮ್ಮಲ್ಲಿಲ್ಲದ ಯಂತ್ರದ ಜೊತೆ ಸೇರಿದಾಗ ಅರ್ಥ ಬದಲಾಗುತ್ತದೆ. ಅವರು ಯಾವುದೋ "ಹಂಚಿಕೊಂಡ ದಾಖಲೆ"ಯ ಕೊಂಡಿ ಒತ್ತಿ ನಕಲಿ ಲಾಗಿನ್ ಪುಟಕ್ಕೆ ಹೋಗಿರಬೇಕು. ಆ ಪುಟವು ನಡುವೆ ನಿಂತು, ಅವರು ಕೊಟ್ಟದ್ದನ್ನೆಲ್ಲ ಅಸಲಿ ಪುಟಕ್ಕೆ ದಾಟಿಸಿ, ಲಾಗಿನ್ ಮುಗಿದ ಮೇಲೆ ಸಿಗುವ ಸೆಷನ್ ಕುಕಿಯನ್ನು (ಈಗಾಗಲೇ ಲಾಗಿನ್ ಆಗಿದ್ದಾರೆ ಎಂಬುದಕ್ಕೆ ಬ್ರೌಸರ್‌ನಲ್ಲಿ ಉಳಿಯುವ ಗುರುತು) ತನ್ನಲ್ಲಿ ಇಟ್ಟುಕೊಳ್ಳುತ್ತದೆ. ನಂತರ ಕಳ್ಳನಿಗೆ ಪಾಸ್‌ವರ್ಡೂ ಬೇಡ, ಆ್ಯಪ್‌ನ ಒಪ್ಪಿಗೆಯೂ ಬೇಡ.

ಪಾಸ್‌ವರ್ಡ್ ಬದಲಿಸಿ, ಅದರೊಡನೆಯೇ ಎಂಟ್ರಾದಲ್ಲಿ ಆ ಬಳಕೆದಾರರ ಎಲ್ಲ ಸೆಷನ್‌ಗಳನ್ನೂ ರದ್ದುಪಡಿಸಿ. ಅದಾಗಲೇ ಕೊಟ್ಟಿರುವ ಅಕ್ಸೆಸ್ ಟೋಕನ್ (ಸೇವೆ ಬಳಸಲು ಅನುಮತಿ ನೀಡುವ ಚೀಟಿ) ಸುಮಾರು ಒಂದು ಗಂಟೆ ಜೀವಂತವಾಗಿ ಉಳಿಯಬಹುದು ಎಂಬುದು ನೆನಪಿರಲಿ. ಅಥೆಂಟಿಕೇಷನ್ ಮೆಥಡ್ಸ್ ಪುಟದಲ್ಲಿ ಅವರದಲ್ಲದ ಫೋನ್ ಸೇರಿಕೊಂಡಿದೆಯೇ ಎಂದು ನೋಡಿ. ಅದು ಉಳಿದರೆ ಪಾಸ್‌ವರ್ಡ್ ಬದಲಿಸಿದ್ದು ವ್ಯರ್ಥ. ಹೊಸದಾಗಿ ಅನುಮತಿ ಪಡೆದ ಆ್ಯಪ್‌ಗಳನ್ನೂ ಪರಿಶೀಲಿಸಿ. ಕೊನೆಗೆ, ಲೆಕ್ಕಪತ್ರದವರ ಖಾತೆಯಾದ್ದರಿಂದ ಔಟ್‌ಲುಕ್‌ನ ಇನ್‌ಬಾಕ್ಸ್ ರೂಲ್‌ಗಳನ್ನು (ಬಂದ ಪತ್ರಗಳನ್ನು ತಾನಾಗಿಯೇ ಸರಿಸುವ ನಿಯಮಗಳು) ಅವಶ್ಯವಾಗಿ ತೆರೆದು ನೋಡಿ.

ಸಾಗಣೆ_ಕಚೇರಿ

ರೂಲ್ ಇತ್ತು. ಅದರ ಹೆಸರು ಬರೀ ಒಂದು ಚುಕ್ಕೆ. "ಇನ್‌ವಾಯ್ಸ್" ಎಂಬ ಪದವಿರುವ ಪತ್ರಗಳನ್ನೆಲ್ಲ ಓದಿದ್ದೆಂದು ಗುರುತಿಸಿ ಯಾರೂ ತೆರೆದು ನೋಡದ ಆರ್‌ಎಸ್‌ಎಸ್ ಫೀಡ್ಸ್ ಫೋಲ್ಡರ್‌ಗೆ ಸರಿಸುತ್ತಿತ್ತು. ಒಬ್ಬ ಗ್ರಾಹಕರಿಗೆ ಬ್ಯಾಂಕ್ ಖಾತೆ ಬದಲಾಗಿದೆ ಎಂಬ ಪತ್ರವೂ ಹೋಗಿದೆ. ಪುಣ್ಯಕ್ಕೆ ಅವರು ಹಣ ಹಾಕುವ ಮುನ್ನ ದೂರವಾಣಿ ಮಾಡಿದರು.

ಲಾಗ್_ಪಾಲಕ

ನಡುವೆ ಬಂದದ್ದಕ್ಕೆ ಕ್ಷಮೆಯಿರಲಿ. ನಿಮ್ಮ ಯೋಜನೆಯಲ್ಲಿ ಸೈನ್-ಇನ್ ಲಾಗ್ ಏಳು ದಿನ ಮಾತ್ರ ಉಳಿಯುತ್ತದೆ. ಎಂಟ್ರಾದ ಹೆಚ್ಚಿನ ದರ್ಜೆಯ ಪಿ1 ಪರವಾನಗಿ ಇದ್ದರೆ 30 ದಿನ. ಆದ್ದರಿಂದ ಇಂದೇ ಕಡತಗಳನ್ನು ಇಳಿಸಿಕೊಂಡು ಪ್ರತ್ಯೇಕವಾಗಿ ಇಡಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವು ಲಾಗ್‌ಗಳನ್ನು 180 ದಿನ ಇಡಬೇಕು, ಇಂಥ ಅತಿಕ್ರಮಣವನ್ನು ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು ಎನ್ನುತ್ತದೆ. ಯಾರಾದರೂ ಹಣ ಹಾಕಿದ್ದರೆ ಅವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲಿ. ಮುಂದಕ್ಕೆ ಲೆಕ್ಕಪತ್ರದವರಿಗಾದರೂ ಪಾಸ್‌ಕೀ (ಪಾಸ್‌ವರ್ಡ್ ಬದಲಿಗೆ ಸಾಧನದಲ್ಲೇ ಇರುವ ಡಿಜಿಟಲ್ ಕೀಲಿ) ಕೊಡಿ: ಅದು ಅಸಲಿ ಜಾಲತಾಣದ ವಿಳಾಸಕ್ಕೇ ಕಟ್ಟಿಕೊಂಡಿರುವುದರಿಂದ ನಕಲಿ ಪುಟದಲ್ಲಿ ಕೆಲಸ ಮಾಡುವುದಿಲ್ಲ.

ಸಾಗಣೆ_ಕಚೇರಿ

ವರದಿ ಕಳುಹಿಸಿದ್ದೇವೆ. ಅಪರಿಚಿತ ಫೋನ್ ಒಂದು ನಿಜವಾಗಿಯೂ ಸೇರಿಕೊಂಡಿತ್ತು, ತೆಗೆದುಹಾಕಿದೆ. ಲಾಗ್ ಇಳಿಸಲು ಸೋಮವಾರ ಮತ್ತು ಶುಕ್ರವಾರ ಎಂದು ಗೊತ್ತುಮಾಡಿಕೊಂಡಿದ್ದೇನೆ. ಈ ಶುಕ್ರವಾರದ ಎರಡೂ ಕಡತಗಳಲ್ಲಿ (ಸಾಮಾನ್ಯ ಲಾಗ್ ಮತ್ತು ನಾನ್-ಇಂಟರಾಕ್ಟಿವ್ ಲಾಗ್) ಆ ಐಪಿಯಿಂದ ಹೊಸ ಸಾಲು ಇಲ್ಲ. ಇನ್ನೊಂದು ವಾರ ನೋಡಿ ಈ ಪ್ರಶ್ನೆಯನ್ನು ಪರಿಹಾರವಾಗಿದೆ ಎಂದು ಗುರುತಿಸುತ್ತೇನೆ.