ಮಾವನವರ ಬೀಡಿ ಹೊಗೆ, ಮೂರು ತಿಂಗಳ ಕೂಸು: ಹೇಗೆ ಹೇಳಲಿ?

ತೊಟ್ಟಿಲ ತಾಯಿ:
ತವರಲ್ಲಿ ಬಾಣಂತನ ಮುಗಿಸಿ ಗಂಡನ ಮನೆಗೆ ಬಂದು ಹತ್ತು ದಿನ. ಮಾವನವರು ದಿನಕ್ಕೊಂದು ಕಟ್ಟು ಬೀಡಿ ಸೇದುತ್ತಾರೆ, ಪಡಸಾಲೆಯ ಕಿಟಕಿ ಪಕ್ಕ ಕೂತು. ತೊಟ್ಟಿಲು ಒಳಕೋಣೆಯಲ್ಲಿದ್ದರೂ ಮಗಳ ಹೊದಿಕೆಯೆಲ್ಲ ಬೀಡಿ ವಾಸನೆ. ಮೂರು ದಿನದಿಂದ ಎದೆ ಗೊರಗೊರ ಅನ್ನುತ್ತಿದೆ. "ಕಿಟಕಿ ತೆಗೆದೇ ಇದೆಯಲ್ಲಮ್ಮ, ನಿನ್ನ ಗಂಡನೂ ಇದೇ ಮನೆಯಲ್ಲಿ ಬೆಳೆದವನು" ಅನ್ನುತ್ತಾರೆ. ನಮ್ಮವರು ಅಪ್ಪನೆದುರು ಬಾಯಿ ಬಿಡುವುದಿಲ್ಲ. ಮಾವ ಕೆಟ್ಟವರಲ್ಲ, ಮೊಮ್ಮಗಳೆಂದರೆ ಪ್ರಾಣ.

ಹಳೇ ಮೈಸೂರಿಗ:
ತಂಗಿ, ಸ್ವಲ್ಪ ಅತಿಯಾಯಿತೇನೋ. ನಮ್ಮಜ್ಜಿ ಐವತ್ತು ವರ್ಷ ಸೌದೆ ಒಲೆ ಊದಿದರು. ಊದುಬತ್ತಿ, ಸೊಳ್ಳೆಬತ್ತಿ ಯಾರ ಮನೆಯಲ್ಲಿಲ್ಲ? ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ಎಪ್ಪತ್ತು ದಾಟಿದವರ ಚಟ ಬಿಡಿಸಲು ಹೋಗಿ ಮನೆ ಒಡೆಯಬೇಡಿ.

ಗಾಳಿ ಕೊಳವೆಯವ:
ಕಟ್ಟಡಗಳಿಗೆ ಎ.ಸಿ., ಗಾಳಿ ಕೊಳವೆ ಕೂರಿಸುವುದೇ ನನ್ನ ಕಸುಬು, ಹಾಗಾಗಿ ಹೇಳುತ್ತಿದ್ದೇನೆ. ಫ್ಯಾನು ಹೊಗೆಯನ್ನು ಮಾತ್ರ ಹುಡುಕಿ ಎಳೆಯುವುದಿಲ್ಲ. ಅದು ಎಳೆದು ಮುಗಿಸುವ ಮೊದಲೇ ಹೊಗೆ ಕೋಣೆ ತುಂಬ ಹರಡಿರುತ್ತದೆ. ಕಿಟಕಿಯೂ ಅಷ್ಟೇ, ಗಾಳಿ ಒಳಮುಖವಾಗಿ ಬೀಸಿದರೆ ಹೊಗೆ ನೇರ ಒಳಕೋಣೆಗೆ. 2006ರಲ್ಲಿ ಅಮೆರಿಕದ ಸರ್ಜನ್ ಜನರಲ್ (ಅಲ್ಲಿನ ಸರ್ಕಾರದ ಹಿರಿಯ ಆರೋಗ್ಯಾಧಿಕಾರಿ) ವರದಿ ಇದನ್ನು ಖಚಿತವಾಗಿ ಹೇಳಿತು: ಬೇರೆಯವರ ತಂಬಾಕು ಹೊಗೆಗೆ 'ಇಷ್ಟಾದರೆ ತೊಂದರೆಯಿಲ್ಲ' ಅನ್ನುವ ಮಟ್ಟವೇ ಇಲ್ಲ, ಗಾಳಿಯಾಡಿಸಿ ಅದನ್ನು ಪೂರ್ತಿ ತೆಗೆಯಲೂ ಆಗುವುದಿಲ್ಲ. ಏರ್ ಪ್ಯೂರಿಫೈಯರ್ ಕಣಗಳನ್ನು ಹಿಡಿದೀತು, ಕಾರ್ಬನ್ ಮಾನಾಕ್ಸೈಡ್‌ನಂಥ ಅನಿಲವನ್ನಲ್ಲ.

ಇನ್ನೊಂದು. ಎರಡು ದಮ್ಮಿನ ನಡುವೆ ತುದಿಯಿಂದ ಏಳುವ ಹೊಗೆ ಕಡಿಮೆ ಕಾವಿನಲ್ಲಿ ಅರೆಬರೆ ಸುಟ್ಟದ್ದು. ಸೇದುವವರು ಒಳಗೆಳೆದುಕೊಳ್ಳುವ ಹೊಗೆಗಿಂತ ಅದರಲ್ಲಿ ಹಲವು ವಿಷಗಳು ಹೆಚ್ಚು. ಮನೆಯವರಿಗೆ ಸಿಗುವುದು ಬಹುಪಾಲು ಅದೇ. ಹೊದಿಕೆಯ ವಾಸನೆಯೂ ಸುಮ್ಮನೆ ವಾಸನೆಯಲ್ಲ, ನಿಕೋಟಿನ್ ಬಟ್ಟೆ, ಗೋಡೆಗೆ ಅಂಟಿ ಕೂರುತ್ತದೆ.

ಧಾರವಾಡದಾಕಿ:
ನಮ್ಮವ್ವ ಬೀಡಿ ಮುಟ್ಟಿದಾಕಿ ಅಲ್ಲ. ಅಪ್ಪ ಸೇದತಿದ್ದ, ಆಕಿ ಬಾಜೂಕ ಕುಂತು ಅಕ್ಕಿ ಆರಸತಿದ್ಲು. ಅರವತ್ತಕ್ಕ ಎರಡ ಮೆಟ್ಟಲಾ ಹತ್ತಿದ್ರ ತೇಕತಿದ್ಲು. ಅಪ್ಪಗ ಗೊತ್ತಾಗೂದ್ರಾಗ ಭಾಳ ತಡಾ ಆಗಿತ್ತು. ಕೂಸಿಂದು ಇನ್ನೂ ಎಳೇ ಎದಿ ಅದ, ತಂಗಿ. ಸುಮ್ನಿರಬ್ಯಾಡ.

ಹಳೇ ಮೈಸೂರಿಗ:
ನೋವಾಯಿತಕ್ಕ. ಆದರೂ ಒಬ್ಬರ ಕಥೆಯಿಂದ ಲೆಕ್ಕ ಕಟ್ಟಲಾಗದು. ಒಲೆ ಹೊಗೆಯಿಂದಲೂ ಹಾಗಾಗಿರಬಹುದಲ್ಲ?

ನಿವೃತ್ತ ಮೇಷ್ಟ್ರು:
ಆಗಿರಬಹುದು, ಆ ಪ್ರಶ್ನೆ ಸರಿಯಾದದ್ದೇ. ಅದಕ್ಕೇ ಸಾವಿರಾರು ಜನರನ್ನು ನೋಡಬೇಕಾಗುತ್ತದೆ. ಜಪಾನಿನ ಸಂಶೋಧಕ ತಾಕೇಶಿ ಹಿರಾಯಾಮಾ ತಾವು ಸೇದದ 91,540 ಗೃಹಿಣಿಯರ ಮೇಲೆ 14 ವರ್ಷ ಕಣ್ಣಿಟ್ಟು 1981ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಂಡ ಹೆಚ್ಚು ಸೇದಿದಷ್ಟೂ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚು. ಸಿಗರೇಟು ಕಂಪನಿಗಳು ಅವರ ಮೇಲೆ ಮುಗಿಬಿದ್ದವು, ಆದರೆ ಬೇರೆ ದೇಶಗಳ ಅಧ್ಯಯನಗಳೂ ಅತ್ತಲೇ ಬಂದವು. ಕೂಸುಗಳ ವಿಷಯದಲ್ಲಂತೂ ಎದೆಯ ಸೋಂಕು, ಕಿವಿ ಸೋರುವುದು, ಉಬ್ಬಸ, ನಿದ್ದೆಯಲ್ಲೇ ಹಠಾತ್ ಸಾವು, ಇವೆಲ್ಲಕ್ಕೂ ಈ ಹೊಗೆಯ ನಂಟು ಸಾಬೀತಾಗಿದೆ. ಒಲೆ ಹೊಗೆಯೂ ಕೆಟ್ಟದ್ದೇ. ಹಾಗಂತ ಎರಡನ್ನೂ ಒಂದೇ ಎದೆಗೆ ತುಂಬಬೇಕೆ?

ಬೆಂಗಳೂರು ಬಾಡಿಗೆಮನೆ:
ಕಾನೂನಿಲ್ಲವೇ? 2008ರ ಅಕ್ಟೋಬರ್ 2ರಿಂದಲೇ ನಿಷೇಧವಿದೆಯಲ್ಲ, ನಮ್ಮ ರಾಜ್ಯದಲ್ಲಿ ಈಗ ದಂಡವೂ 1,000 ರೂಪಾಯಿ.

ನಿವೃತ್ತ ಮೇಷ್ಟ್ರು:
ಅದು ಹೋಟೆಲು, ಬಸ್ ನಿಲ್ದಾಣ, ಕಚೇರಿಗಳಿಗಪ್ಪ. ಹೊಸಿಲು ದಾಟಿ ಒಳಗೆ ಬರುವುದಿಲ್ಲ. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೇಶದ ವಯಸ್ಕರಲ್ಲಿ 100ಕ್ಕೆ 38ಕ್ಕೂ ಹೆಚ್ಚು ಜನ ಮನೆಯಲ್ಲೇ ಈ ಹೊಗೆ ಕುಡಿಯುತ್ತಿದ್ದರು. ಮನೆಯೊಳಗೆ ನಡೆಯುವುದು ಮಾತೊಂದೇ.

ಪುತ್ತೂರಿನ ಬೀಡಿ ಕೈ:
ನಾನು ಇಪ್ಪತ್ತು ವರ್ಷ ಬೀಡಿ ಕಟ್ಟಿದವಳು, ಆ ದುಡ್ಡಲ್ಲೇ ಮಕ್ಕಳು ಓದಿದ್ದು. ಹಾಗಾಗಿ ಸೇದುವವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. 'ಬಿಡಿ' ಅನ್ನಬೇಡಿ, 'ಹೊರಗೆ' ಅನ್ನಿ. ಅದನ್ನೂ ನೀವು ಹೇಳಬೇಡಿ. ಮಗುವಿನ ಎದೆ ತೋರಿಸಲು ನಾಳೆಯೇ ಡಾಕ್ಟರ ಹತ್ತಿರ ಹೋಗಿ, ಮಾವನವರನ್ನೂ ಕರೆದುಕೊಂಡು. ಡಾಕ್ಟರು ಹೇಳಿದರೆ ಅದು ಸೊಸೆಯ ಮಾತಾಗುವುದಿಲ್ಲ. ಸೇದಿ ಬಂದ ಮೇಲೆ ಕೈಬಾಯಿ ತೊಳೆದು, ಅಂಗಿ ಬದಲಿಸಿ ಮಗು ಎತ್ತಿಕೊಳ್ಳಲಿ. ಮುಂದೆ ಅವರಿಗೇ ಬಿಡಬೇಕು ಅನ್ನಿಸಿದರೆ 1800-11-2356ಕ್ಕೆ ಕರೆ ಮಾಡಬಹುದು, ದುಡ್ಡು ಬೀಳುವುದಿಲ್ಲ.

ಹಳೇ ಮೈಸೂರಿಗ:
ಇದು ಒಪ್ಪುವ ಮಾತು. ಆದರೆ ಮಳೆಗಾಲದಲ್ಲಿ ಆ ಹಿರಿಯರು ಎಲ್ಲಿ ಕೂರಬೇಕು? ಅದನ್ನೂ ಯೋಚಿಸಿ.

ಗಾಳಿ ಕೊಳವೆಯವ:
ಹಿತ್ತಿಲಲ್ಲಿ ನಾಲ್ಕು ಶೀಟಿನ ಮಾಡು ಸಾಕು. ಬಾಗಿಲು, ಕಿಟಕಿಗೆ ತಾಗಿಕೊಂಡಿರದಂತೆ ನೋಡಿ, ಇಲ್ಲದಿದ್ದರೆ ಹೊಗೆ ಮತ್ತೆ ಒಳಗೇ.

ತೊಟ್ಟಿಲ ತಾಯಿ:
ನಾಳೆ ಬೆಳಿಗ್ಗೆ ಹೋಗುತ್ತಿದ್ದೇವೆ. "ಕೂಸನ್ನು ನಾನೇ ಎತ್ತಿಕೊಳ್ಳುತ್ತೇನೆ" ಅಂತ ಮಾವನವರೇ ಹೊರಟಿದ್ದಾರೆ. ದನದ ಕೊಟ್ಟಿಗೆ ಪಕ್ಕ ಶೀಟು ಹಾಕಿಸಲು ನಮ್ಮವರು ಒಪ್ಪಿದರು. ಅಪ್ಪನಿಗೆ ಹೇಳುವ ಧೈರ್ಯ ಅವರಿಗಿನ್ನೂ ಬಂದಿಲ್ಲ.