ಹೆಬ್ಬೆರಳಿನ ಬುಡಕ್ಕೆ ಕೃತಕ ಕೀಲು: ಯಾರಿಗೆ ಸರಿ, ಯಾರಿಗೆ ಬೇಡ?

ಪ್ರಶ್ನೆ (ಗೋಣಿಕೊಪ್ಪ): ಡಾಕ್ಟ್ರೇ, ಅಮ್ಮನಿಗೆ 61. ನೂಪುಟ್ಟು ಒತ್ತುವಾಗ, ಕಾಫಿ ಗಿಡದ ಚಿಗುರು ಕತ್ತರಿಸುವಾಗ ಬಲ ಹೆಬ್ಬೆರಳಿನ ಬುಡದಲ್ಲಿ ಜೀವ ಹೋಗುವಂಥ ನೋವು. ಎಕ್ಸ್‌ರೇಯಲ್ಲಿ ಕೀಲು ಸವೆದಿದೆ ಅಂದರು. ಮಂಡಿಗೆ ಹಾಕುವ ಹಾಗೆ ಇಲ್ಲಿಗೂ ಕೀಲು ಹಾಕಿಸಬಹುದಾ?

ಉತ್ತರ (ಕೈ ಶಸ್ತ್ರಚಿಕಿತ್ಸಕರು): ಹಾಕಬಹುದು. ಆದರೆ ಮಂಡಿಯ ಲೆಕ್ಕ ಇಲ್ಲಿ ನಡೆಯಲ್ಲ. ಕೃತಕ ಕೀಲಿನ ಗುಂಡನ್ನು ಹಿಡಿಯುವ ಬಟ್ಟಲು ಕೂರಬೇಕಾದ್ದು ಹೆಬ್ಬೆರಳಿನ ಬುಡದ ಟ್ರೆಪೀಜಿಯಂ ಎಂಬ ಪುಟ್ಟ ಮೂಳೆಯಲ್ಲಿ; ಅದು ಕಾಫಿ ಹಣ್ಣಿಗಿಂತ ತುಸುವೇ ದೊಡ್ಡದು. ಬಟ್ಟಲಿನ ಅಗಲವೇ 9 ಅಥವಾ 10 ಮಿ.ಮೀ. ಮೂಳೆಯ ಎತ್ತರ ಸುಮಾರು 8 ಮಿ.ಮೀ.ಗಿಂತ ಕಡಿಮೆಯಿದ್ದರೆ ಕೊರೆಯುವಾಗಲೇ ಸೀಳಬಹುದು. ಬೆರಳ ತುದಿಯಲ್ಲಿ 1 ಕೆ.ಜಿ. ಬಲ ಹಾಕಿ ಚಿವುಟಿದರೆ ಬುಡದ ಕೀಲಿನ ಮೇಲೆ ಸುಮಾರು 12 ಕೆ.ಜಿ. ಬೀಳುತ್ತೆ ಅನ್ನೋದೂ ನೆನಪಿರಲಿ.

ಟ್ರೆಪೀಜಿಯಂನ ಕೆಳಗಿನ, ಅಂದರೆ ಮಣಿಕಟ್ಟಿನ ಕಡೆಯ ಕೀಲೂ ಸವೆದಿದೆಯಾ ಅಂತ ಎಕ್ಸ್‌ರೇ ತೋರಿಸಿ ಡಾಕ್ಟ್ರನ್ನ ಕೇಳಿ ನೋಡಿ. ಸವೆದಿದ್ದರೆ ಮೇಲಿನದನ್ನಷ್ಟೇ ಬದಲಾಯಿಸಿದರೂ ನೋವು ಉಳಿಯಬಹುದು. ಅಂಥವರಿಗೆ ಆ ಮೂಳೆಯನ್ನೇ ತೆಗೆಯುವ ಹಳೆಯ ಆಪರೇಷನ್ನೇ ವಾಸಿ. ಸ್ಪ್ಲಿಂಟ್ (ಹೆಬ್ಬೆರಳು ಅಲುಗದಂತೆ ಹಿಡಿಯುವ ಪಟ್ಟಿ), ನೋವಿನ ಜೆಲ್, ಸ್ಟೀರಾಯ್ಡ್ ಇಂಜೆಕ್ಷನ್ ಇವನ್ನೆಲ್ಲ ನೋಡದೆ ನೇರ ಆಪರೇಷನ್‌ಗೆ ಹೋಗಬೇಡಿ.

ಪ್ರಶ್ನೆ (ವಿರಾಜಪೇಟೆ): ಸರ್, ಹಾಕಿದ ಕೀಲು ಜಾರಿಬಿಡುತ್ತಂತಲ್ಲ?

ಉತ್ತರ: ಗುಂಡು ನೇರವಾಗಿ ಬಟ್ಟಲಿನಲ್ಲೇ ತಿರುಗುವ ಹಳೆಯ ಕೀಲುಗಳಲ್ಲಿ ಅದು ದೊಡ್ಡ ತಲೆನೋವೇ. ಈಗಿನವುಗಳಲ್ಲಿ ಸಣ್ಣ ಲೋಹದ ಗುಂಡು ಪ್ಲಾಸ್ಟಿಕ್ ಚಿಪ್ಪಿನೊಳಗೆ ತಿರುಗುತ್ತೆ, ಆ ಚಿಪ್ಪು ಬಟ್ಟಲಿನೊಳಗೆ ತಿರುಗುತ್ತೆ. ಹಾಗಾಗಿ ಜಾರುವುದು ಕಡಿಮೆ. ಆದರೂ ಬಟ್ಟಲು ಓರೆಯಾಗಿ ಕೂತರೆ ಗುಂಡನ್ನು ಹೊತ್ತ ಕೀಲಿನ ಕತ್ತು ಬಟ್ಟಲಿನ ಅಂಚಿಗೆ ತಾಗಿ ಹಾರೆಯ ಹಾಗೆ ಮೀಟುತ್ತೆ. ಆಗ ಜಾರಬಹುದು, ಇಲ್ಲವೇ ಬಟ್ಟಲೇ ಸಡಿಲಾಗಬಹುದು. ಅದಕ್ಕೇ ಕೊರೆಯುವ ಮುಂಚೆ ಸಿ-ಆರ್ಮ್ ಎಕ್ಸ್‌ರೇಯಲ್ಲಿ (ಆಪರೇಷನ್ ನಡೆಯುವಾಗಲೇ ನೋಡುವ ಎಕ್ಸ್‌ರೇ) ಮೂಳೆಯ ನಡುಬಿಂದು ನೋಡಿಕೊಳ್ಳಬೇಕು. ಸಡಿಲಾದರೆ ಬಟ್ಟಲು, ಮೂಳೆ ಎರಡನ್ನೂ ತೆಗೆದು ಹಳೆಯ ಆಪರೇಷನ್‌ಗೆ ಹೊರಳಬಹುದು. ಮೊದಲೇ ಮೂಳೆ ತೆಗೆಸಿಕೊಂಡರೆ ಈ ಕೀಲು ಕೂರಿಸಲು ಜಾಗವೇ ಇರಲ್ಲ.

ಪ್ರಶ್ನೆ (ಗೋಣಿಕೊಪ್ಪ): ಕೊಯ್ಲಿಗೆ ಇಳಿಯೋದು ಯಾವಾಗ?

ಉತ್ತರ (ಫಿಸಿಯೋಥೆರಪಿಸ್ಟ್): ಸಾಮಾನ್ಯವಾಗಿ ಎರಡು-ಮೂರು ವಾರ ಸ್ಪ್ಲಿಂಟ್. ಆಮೇಲೆ ಊಟ, ರವಿಕೆ ಗುಂಡಿಯಂಥ ಹಗುರ ಕೆಲಸ. ಕತ್ತರಿ ಹಿಡಿಯೋದು, ಗೊಂಚಲು ಎಳೆದು ಕೀಳೋದು ಮೂರು ತಿಂಗಳ ನಂತರ, ಅದೂ ಡಾಕ್ಟ್ರು ಎಕ್ಸ್‌ರೇ ನೋಡಿದ ಮೇಲೆ. ರೋಬಸ್ಟಾ ಕೊಯ್ಲು ಜನವರಿಗಾದರೆ ಆಪರೇಷನ್ ಮಳೆಗಾಲದಲ್ಲೇ ಮುಗಿಸಿಕೊಳ್ಳಿ. ಮೂಳೆ ತೆಗೆದವರಿಗೆ ಹಿಡಿತ ಮರಳಲು ಆರು ತಿಂಗಳೂ ಆಗುತ್ತೆ. ಇನ್ನೊಂದು: ಕೀಲು ಹಾಕಿದ ಮೇಲೆ ಕೆಲವರಿಗೆ ಮಣಿಕಟ್ಟಿನ ಹೆಬ್ಬೆರಳ ಬದಿಯಲ್ಲಿ ಎಳೆದಂಥ ನೋವು ಬರುತ್ತೆ. ಕುಗ್ಗಿದ್ದ ಹೆಬ್ಬೆರಳು ಉದ್ದವಾಗಿ ಸ್ನಾಯುರಜ್ಜು ಬಿಗಿಯಾಗಿರುತ್ತೆ. ಕೀಲು ಸಡಿಲಾಯ್ತು ಅಂತ ಗಾಬರಿಯಾಗದೆ ಒಮ್ಮೆ ತೋರಿಸಿ.