ಬುಡದಲ್ಲಿ ನೀರಿದ್ದೂ ಅಡಿಕೆ ಸಸಿ ಬಾಡುತ್ತಿದೆ, ಏಕೆ?

ಪ್ರಶ್ನೆ (ತೀರ್ಥಹಳ್ಳಿ ತಾಲ್ಲೂಕಿನ ಕೃಷಿಕ): ನಮಸ್ಕಾರ ಸರ್. ಮೂರು ವರ್ಷಗಳ ಹಿಂದೆ ಭತ್ತದ ಗದ್ದೆಗೆ ಅಡಿಕೆ ಸಸಿ ಹಾಕಿದ್ದೇನೆ. ಆಷಾಢದ ಮಳೆ ಹಿಡಿದ ಮೇಲೆ ತಗ್ಗಿನ ಎರಡು ಸಾಲು ಹಳದಿ ತಿರುಗಿ, ಸೋಗೆ ಜೋತುಬಿದ್ದಿದೆ. ಯೂರಿಯಾ ಕೊಟ್ಟರೂ ಚೇತರಿಸಲಿಲ್ಲ. ಪಕ್ಕದ ಗದ್ದೆಯ ಭತ್ತ ಮಾತ್ರ ಹಸುರಾಗಿದೆ!

ಉತ್ತರ (ಮಣ್ಣು ವಿಜ್ಞಾನಿ): ಮೊದಲು ಯೂರಿಯಾ ಚೀಲದ ಬಾಯಿ ಕಟ್ಟಿಡಿ. ನಿಮ್ಮ ಸಸಿಗೆ ಉಸಿರು ಕಟ್ಟಿದೆ.

ಬೇರಿಗೆ ಹಗಲಿರುಳೂ ಆಮ್ಲಜನಕ ಬೇಕು. ಮಣ್ಣಿನ ಸಂದುಗಳಲ್ಲಿರುವ ಗಾಳಿಯೇ ಅದಕ್ಕೆ ಗತಿ. ಅಲ್ಲಿ ನೀರು ತುಂಬಿಕೊಂಡರೆ ಆಮ್ಲಜನಕ ಸಾಗುವ ವೇಗ ಸುಮಾರು 10,000 ಪಟ್ಟು ಕುಸಿಯುತ್ತದೆ. ಉಳಿದಷ್ಟನ್ನು ಬೇರು, ಸೂಕ್ಷ್ಮಜೀವಿಗಳು ಸೇರಿ ಒಂದೆರಡು ದಿನಗಳಲ್ಲಿ ಮುಗಿಸುತ್ತವೆ. ಆಮೇಲೆ ಬೇರು ಹುದುಗುವಿಕೆಯಿಂದ, ಅಂದರೆ ಆಮ್ಲಜನಕವಿಲ್ಲದೆ ಸಕ್ಕರೆ ಒಡೆದು, ಜೀವ ಹಿಡಿದುಕೊಳ್ಳಬೇಕು. ಒಂದು ಗ್ಲೂಕೋಸ್ ಅಣುವಿನಿಂದ ಸುಮಾರು 30 ಎಟಿಪಿ (ಜೀವಕೋಶ ಖರ್ಚು ಮಾಡುವ ಶಕ್ತಿಯ ನಾಣ್ಯ) ಗಳಿಸುತ್ತಿದ್ದ ಜೀವಕೋಶಕ್ಕೆ ಆಗ ಸಿಗುವುದು ಎರಡೇ ಎರಡು. ಕೋಶದೊಳಗೆ ಆಮ್ಲೀಯತೆ ಏರಿ, ನೀರು ಹೀರುವ ಸೂಕ್ಷ್ಮ ದ್ವಾರಗಳು ಮುಚ್ಚಿಕೊಳ್ಳುತ್ತವೆ. ನೀರಿನಲ್ಲಿ ನಿಂತೂ ಸಸಿ ಬಾಡುವುದು ಹೀಗೆ. ಇನ್ನು ಯೂರಿಯಾದಲ್ಲಿ ಕೊಟ್ಟ ಸಾರಜನಕ: ಗಾಳಿ ಸಿಗದ ಸೂಕ್ಷ್ಮಜೀವಿಗಳು ಮಣ್ಣಿನ ನೈಟ್ರೇಟನ್ನೇ ಆಮ್ಲಜನಕದ ಬದಲಿಗೆ ಬಳಸಿ, ಅನಿಲವಾಗಿ ಹಾರಿಸಿಬಿಡುತ್ತವೆ. ನಿಮ್ಮ ದುಡ್ಡೂ ಸ್ವಲ್ಪ ಹಾಗೆಯೇ ಹಾರಿಹೋಯಿತು, ಮಾರಾಯರೇ.

ಭತ್ತದ ಬೇರಿನೊಳಗೆ ಗಾಳಿಯ ಓಣಿಗಳಿವೆ. ಎಲೆಯಿಂದ ಬೇರಿನ ತುದಿಯವರೆಗೂ ಉಸಿರು ಇಳಿಯುತ್ತದೆ. ಜೋಗದ ಆಚೆ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯನ್ನು (ರಾಮಪತ್ರೆ ಜಾತಿಯ ಮರಗಳ ಜೌಗು ಕಾಡು) ನೋಡಿದ್ದರೆ, ಉಸಿರಿಗಾಗಿ ಮಂಡಿ ಮಡಿಸಿದಂತೆ ಕೆಸರಿನಿಂದ ಮೇಲೆದ್ದ ಬೇರುಗಳು ನೆನಪಿರಬಹುದು. ಅಡಿಕೆಗೆ ಅಷ್ಟರ ಮಟ್ಟಿನ ಏರ್ಪಾಡಿಲ್ಲ. ಅದರ ಮೇಲೆ ನಿಮ್ಮದು ಹಳೆಯ ಗದ್ದೆ. ವರ್ಷವರ್ಷವೂ ಕೆಸರು ಹೂಡಿ, ನೀರು ಇಂಗದ ಗಟ್ಟಿ ಪದರ ಅಡಿಯಲ್ಲಿ ಕಟ್ಟಿಕೊಂಡಿರುತ್ತದೆ. ಭತ್ತಕ್ಕೆ ಅದು ವರ, ತೋಟಕ್ಕೆ ತಲೆನೋವು.

ಪ್ರಶ್ನೆ (ಸಾಗರದಿಂದ ಇನ್ನೊಬ್ಬರು): ರೋಗವೋ ನೀರೋ ಎಂದು ಗುರುತಿಸುವುದು ಹೇಗೆ?

ಉತ್ತರ: ಸಾಲಿನ ನಡುವೆ ಎರಡು ಅಡಿ ಗುಂಡಿ ತೋಡಿ, ಮಳೆನೀರು ಬೀಳದಂತೆ ಮುಚ್ಚಿಟ್ಟು ಮರುದಿನ ನೋಡಿ. ನೀರು ಎಲ್ಲಿಯವರೆಗೆ ಏರಿದೆಯೋ ಅದರ ಕೆಳಗಿನ ಬೇರು ಸಂಕಟದಲ್ಲಿದೆ. ನೀರು ಕಂಡಿತೆಂದು ರೋಗವಿಲ್ಲ ಎನ್ನುವಂತಿಲ್ಲ. ಅಡಿಕೆ ಮರಕ್ಕೆ ಹಬ್ಬಿಸುವ ಕಾಳುಮೆಣಸನ್ನೇ ನೋಡಿ, ಅದರ ಸೊರಗು ರೋಗದ ಬೀಜಾಣುಗಳು ನೀರಿನಲ್ಲಿ ಈಜಿಯೇ ಬೇರನ್ನು ತಲುಪುತ್ತವೆ.

ತೀರ್ಥಹಳ್ಳಿಯವರು: ಗುಂಡಿ ತೋಡಿದೆ ಸರ್. ಬೆಳಿಗ್ಗೆ ನೀರು ನೆಲದಿಂದ ಒಂದೇ ಅಡಿ ಕೆಳಗಿತ್ತು. ಬೇರು ಕಪ್ಪು, ಕೊಳೆತ ಮೊಟ್ಟೆಯ ವಾಸನೆ. ಜೆಸಿಬಿ ಕರೆಸಲೇ?

ಉತ್ತರ: ಈಗ ಬೇಡ. ಹಸಿ ಮಣ್ಣಿನ ಮೇಲೆ ಯಂತ್ರ ಓಡಿದರೆ ಇರುವ ಸಂದುಗಳೂ ಅಮುಕಿಹೋಗುತ್ತವೆ. ಗುದ್ದಲಿಯಲ್ಲೇ ತಗ್ಗಿನ ಬದಿಯ ಬದು ಕಡಿದು ನಿಂತ ನೀರನ್ನು ಬಿಡಿ. ಮಳೆಗಾಲ ಮುಗಿದ ಮೇಲೆ ಎರಡು ಸಾಲಿಗೊಂದರಂತೆ ಬಸಿಗಾಲುವೆ ತೆಗೆಸಿ. ಆಳ, ಸಸಿ ನೆಟ್ಟ ಗುಂಡಿಯ ತಳಕ್ಕಿಂತ ಒಂದು ಗೇಣು ಕೆಳಗಿರಲಿ. ಹೊಸ ಬಿಳಿ ಬೇರು ಕಂಡ ಮೇಲೆ ಗೊಬ್ಬರದ ಲೆಕ್ಕ ಮಾತಾಡೋಣ.